ವೋರ್ಟೆಕ್ಸ್ ಟ್ಯೂಬ್ ಸಿಮ್ಯುಲೇಷನ್: ಎರಡೂ ತುದಿಯಲ್ಲಿ ತಣ್ಣಗಿನ ಗಾಳಿಯೇ ಬರ್ತಿದೆ, ಬಿಸಿ ಎಲ್ಲಿ ಹೋಯ್ತು?

ಮಾಚೇನಹಳ್ಳಿ_ಲೇತ್

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಸಣ್ಣ ಮಶೀನ್ ಶಾಪ್. ಗೊತ್ತಿರುವವರ ಫೌಂಡ್ರಿಯಲ್ಲಿ ಮರಳಿನ ಧೂಳಿಗೆ ಕಂಟ್ರೋಲ್ ಪ್ಯಾನೆಲ್ ಫ್ಯಾನಿನ ಫಿಲ್ಟರ್ ಪದೇ ಪದೇ ಕಟ್ಟಿಕೊಳ್ಳುತ್ತೆ, ಮೋಟಾರ್ ಓಡಿಸುವ ಡ್ರೈವ್‌ಗಳು ಬಿಸಿಯಾಗಿ ಟ್ರಿಪ್ ಆಗುತ್ತವೆ. ಕಂಪ್ರೆಸರ್ ಗಾಳಿ ಹೇಗೂ ಇದೆ, ವೋರ್ಟೆಕ್ಸ್ ಟ್ಯೂಬ್ (ಒತ್ತಡದ ಗಾಳಿಯನ್ನು ಸುಳಿಯಾಗಿ ತಿರುಗಿಸಿ ಒಂದು ತುದಿಯಿಂದ ತಣ್ಣಗೆ, ಇನ್ನೊಂದರಿಂದ ಬಿಸಿಯಾಗಿ ಬಿಡುವ ಕೊಳವೆ) ಕೂರಿಸೋಣ ಅಂತ ಲೇತಿನಲ್ಲಿ ಹಿತ್ತಾಳೆಯದ್ದೊಂದು ಮಾಡಿದ್ದೀನಿ. ಒಳವ್ಯಾಸ 12 ಮಿಮೀ, ಉದ್ದ 120 ಮಿಮೀ, ನಾಲ್ಕು ನಾಜಲ್, ತಣ್ಣನೆ ಕಡೆ 6 ಮಿಮೀ ತೂತು.

ಇನ್ನೊಂದು ಕೊರೆಯೋ ಮುಂಚೆ ಕಂಪ್ಯೂಟರಲ್ಲಿ ಆಡಿಸಿ ನೋಡೋಣ ಅಂತ ಓಪನ್‌ಫೋಮ್ (ಹರಿವಿನ ಸಿಮ್ಯುಲೇಷನ್ ಸಾಫ್ಟ್‌ವೇರ್) ಹಿಡಿದೆ. ಸಾಲ್ವರ್ (ಸಮೀಕರಣ ಬಿಡಿಸುವ ಪ್ರೋಗ್ರಾಂ) ರೋಪಿಂಪಲ್‌ಫೋಮ್, ಟರ್ಬುಲೆನ್ಸ್ (ಗಾಳಿಯ ಕಲಕಾಟ) ಮಾಡೆಲ್ ಸ್ಟ್ಯಾಂಡರ್ಡ್ ಕೆ-ಎಪ್ಸಿಲಾನ್, ಇಡೀ ಟ್ಯೂಬಿನ ಬದಲು 5 ಡಿಗ್ರಿಯ ವೆಡ್ಜ್ (ಹೋಳು). ಒಳಬರುವ ಗಾಳಿ 300 ಕೆಲ್ವಿನ್, ಗೇಜ್ ಒತ್ತಡ 5 ಬಾರ್. ತಣ್ಣನೆ ತುದಿಯಲ್ಲಿ 273 ಕೆಲ್ವಿನ್ ಬಂತು, ಖುಷಿಯಾಯ್ತು. ಆಮೇಲೆ ಬಿಸಿ ತುದಿ ನೋಡಿದರೆ ಅಲ್ಲೂ 292! ಗಾಳಿಯಲ್ಲಿ 35 ಪಾಲು ತಣ್ಣನೆ ಕಡೆ, 65 ಪಾಲು ಬಿಸಿ ಕಡೆ ಹೋಗ್ತಿದೆ. ಎರಡೂ 300ಕ್ಕಿಂತ ಕಮ್ಮಿ ಅಂದ್ರೆ ಹೇಗೆ? ರೆಸಿಡುಯಲ್ (ಲೆಕ್ಕದಲ್ಲಿ ಉಳಿಯುವ ತಪ್ಪು) ಎಲ್ಲ ಚೆನ್ನಾಗೇ ಇಳಿದಿವೆ.

ಕೊಪ್ಪದ_ಮಳೆ

ಕೆ-ಎಪ್ಸಿಲಾನ್ ಹಾಕಿದ್ದೇ ತಪ್ಪು ಮಾರಾಯ್ರೆ. ಸುಳಿ ಇರೋ ಕಡೆ ಅದು ನಡೆಯೋದಿಲ್ಲ. ಲಾರ್ಜ್ ಎಡ್ಡಿ (ದೊಡ್ಡ ಸುಳಿಗಳನ್ನು ನೇರವಾಗಿ ಲೆಕ್ಕ ಹಾಕುವ ವಿಧಾನ) ಹಾಕಿ ನೋಡಿ.

ತುಂಗೆಯ_ಸುಳಿ

ಕೊಪ್ಪದವರು ಹೇಳಿದ್ದು ಅರ್ಧ ಸರಿ, ಆದರೆ ಈಗಲೇ ಅಲ್ಲ. ಟರ್ಬುಲೆನ್ಸ್ ಮಾಡೆಲ್ ಎಷ್ಟೇ ಕೆಟ್ಟದಿದ್ದರೂ ಗೋಡೆಯಿಂದ ಶಾಖ ಹೋಗದಿದ್ದ ಮೇಲೆ ಒಟ್ಟು ಶಕ್ತಿ ತಾಳೆಯಾಗಲೇಬೇಕು. ಎರಡೂ ತುದಿ ತಣ್ಣಗಿದ್ದರೆ ಅದು ಮಾಡೆಲ್‌ನ ದೋಷ ಅಲ್ಲ, ನೀವು ಓದುತ್ತಿರುವ ಸಂಖ್ಯೆಯೇ ಬೇರೆ.

ನೀವು ತೆಗೆದಿರೋದು ಸ್ಟ್ಯಾಟಿಕ್ ತಾಪ, ಅಂದ್ರೆ ವೇಗದ ಶಕ್ತಿ ಬಿಟ್ಟು ಹರಿಯುತ್ತಿರುವ ಗಾಳಿಗಿರುವ ತಾಪ. ನಾಜಲ್‌ನಲ್ಲಿ ಗಾಳಿ ಶಬ್ದದ ವೇಗ ಮುಟ್ಟಿದರೆ 300 ಕೆಲ್ವಿನ್ ಗಾಳಿಯ ಸ್ಟ್ಯಾಟಿಕ್ ತಾಪ 250ಕ್ಕೆ ಇಳಿಯುತ್ತೆ, ಸುಳಿ ಇಲ್ಲದ ನೇರ ನಾಜಲ್ ಆದರೂ ಅಷ್ಟೇ. ಆ 50 ಡಿಗ್ರಿ ಎಲ್ಲೂ ಹೋಗಿಲ್ಲ, ಸೆಕೆಂಡಿಗೆ ಸುಮಾರು 317 ಮೀಟರ್ ವೇಗದ ರೂಪದಲ್ಲಿ ಅಲ್ಲೇ ಇದೆ. ಗಾಳಿಯನ್ನು ನಿಲ್ಲಿಸಿದ ಕೂಡಲೇ ತಾಪ ವಾಪಸ್ ಬರುತ್ತೆ. ಪ್ಯಾನೆಲ್ ಒಳಗೆ ಬಿಟ್ಟಾಗ ಆಗೋದೂ ಅದೇ. ಹಾಗಾಗಿ ಹೋಲಿಸಬೇಕಾದದ್ದು ಟೋಟಲ್ ತಾಪ: ಸ್ಟ್ಯಾಟಿಕ್ ತಾಪಕ್ಕೆ ವೇಗದ ವರ್ಗವನ್ನು 2010ರಿಂದ ಭಾಗಿಸಿ ಕೂಡಿಸಿ (ಗಾಳಿಯ ವಿಶಿಷ್ಟೋಷ್ಣ 1005 ಜೂಲ್, ಅದರ ಎರಡರಷ್ಟು). ಸರಾಸರಿಯನ್ನು ಮಾಸ್ ಫ್ಲೋ ತೂಕದಲ್ಲೇ ತೆಗೀಬೇಕು. ಸುಮ್ಮನೆ ಏರಿಯಾ ಸರಾಸರಿ ತೆಗೆದರೆ ಸುಳಿಯ ನಡುವಿನ ನಿಧಾನದ ಗಾಳಿಗೂ ಗೋಡೆ ಹತ್ತಿರದ ಜೋರು ಗಾಳಿಗೂ ಒಂದೇ ಬೆಲೆ ಕೊಟ್ಟ ಹಾಗಾಗುತ್ತೆ.

ಎರಡು ತುದಿಯ ವೇಗ ಎಷ್ಟಿದೆ ಹೇಳ್ತೀರಾ ಸರ್?

ಮಾಚೇನಹಳ್ಳಿ_ಲೇತ್

ತಣ್ಣನೆ ಕಡೆ 228, ಬಿಸಿ ಕಡೆ 131 ಮೀಟರ್. ನೀವು ಹೇಳಿದ ಹಾಗೆ ಲೆಕ್ಕ ಹಾಕಿದೆ ಮೇಡಂ. ತಣ್ಣನೆ 298.9, ಬಿಸಿ 300.5. ಶಕ್ತಿ ತಾಳೆ ಆಯ್ತು, ಆದರೆ ಟ್ಯೂಬೇ ಕೆಲಸ ಮಾಡ್ತಿಲ್ಲವಲ್ಲ! ಲೇತಿನ ಹಿತ್ತಾಳೆ ಟ್ಯೂಬಲ್ಲಿ ತಣ್ಣನೆ ಕಡೆ ಬೆರಳಿಟ್ಟರೆ ಚುರುಕ್ ಅನ್ನುತ್ತೆ.

ತುಂಗೆಯ_ಸುಳಿ

ಈಗ ನಿಜವಾದ ರೋಗ ಕಾಣ್ತು.

ಫ್ರಾನ್ಸಿನ ರಾಂಕ್ ಈ ಟ್ಯೂಬಿನ ವಿಷಯ 1933ರಲ್ಲಿ ಮುಂದಿಟ್ಟ, ಜರ್ಮನಿಯ ಹಿಲ್ಶ್ 1947ರಲ್ಲಿ ಅಳತೆಗಳ ಸಮೇತ ಬರೆದ. ಬಿಸಿ-ತಣ್ಣನೆ ಯಾಕೆ ಬೇರೆಯಾಗುತ್ತೆ ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಆದರೆ ಸಿಮ್ಯುಲೇಷನ್ ಮಾಡುವವರು ಹೆಚ್ಚಾಗಿ ಒಪ್ಪುವ ಮಾತು ಒಂದಿದೆ: ಒಳಗಿನ ಸುಳಿ ಹೊರಗಿನ ಪದರವನ್ನು ತನ್ನ ಜೊತೆ ಎಳೆದು ತಿರುಗಿಸುತ್ತೆ, ಆ ಎಳೆತದಲ್ಲಿ ಅದು ಹೊರಗಿನ ಗಾಳಿಯ ಮೇಲೆ ಕೆಲಸ ಮಾಡುತ್ತೆ. ಕೆಲಸ ಕೊಟ್ಟದ್ದು ತಣ್ಣಗಾಗಿ ನಡುವಿನಿಂದ ಹೊರಡುತ್ತೆ, ಪಡೆದದ್ದು ಬಿಸಿಯಾಗಿ ಅಂಚಿನಿಂದ ಹೊರಡುತ್ತೆ. ಇದನ್ನು ಹೊತ್ತಿರೋದು ಶಕ್ತಿ ಸಮೀಕರಣದ ವಿಸ್ಕಸ್ ವರ್ಕ್ (ಗಾಳಿಯ ಪದರಗಳ ನಡುವಿನ ಎಳೆತ, ಅಂದ್ರೆ ಸ್ನಿಗ್ಧತೆ, ಮಾಡುವ ಕೆಲಸ) ಪದ.

ರೋಪಿಂಪಲ್‌ಫೋಮ್‌ನ ಶಕ್ತಿ ಸಮೀಕರಣದ ಫೈಲ್ ತೆರೆದು ನೋಡಿ. ಚಲನಶಕ್ತಿ ಇದೆ, ಒತ್ತಡದ ಪದ ಇದೆ, ಶಾಖದ ಡಿಫ್ಯೂಷನ್ ಇದೆ. ವಿಸ್ಕಸ್ ವರ್ಕ್ ಇಲ್ಲ. ಪೈಪಿನೊಳಗಿನ ಸಾಧಾರಣ ಹರಿವಿಗೆ ಅದು ಲೆಕ್ಕಕ್ಕೇ ಬರೋದಿಲ್ಲ ಅಂತ ಬಿಟ್ಟಿದ್ದಾರೆ. ಈ ಟ್ಯೂಬಿಗೋ ಅದೇ ಜೀವ. ಅದನ್ನು ಬಿಟ್ಟು ಲಾರ್ಜ್ ಎಡ್ಡಿ ಹಾಕಿದ್ದರೆ ವಾರಗಟ್ಟಲೆ ಮಶೀನ್ ಓಡಿಸಿ ಇದೇ 298.9ನ್ನು ಬಹಳ ಚಂದದ ಚಿತ್ರದೊಂದಿಗೆ ಪಡೀತಿದ್ರಿ.

ದಾರಿ ಎರಡು. ರೋಸೆಂಟ್ರಲ್‌ಫೋಮ್ ಅನ್ನೋ ಇನ್ನೊಂದು ಸಾಲ್ವರ್‌ಗೆ ಹೋಗಬಹುದು, ಅದರಲ್ಲಿ ಸಿಗ್ಮಾ-ಡಾಟ್-ಯು ಅನ್ನೋ ಹೆಸರಲ್ಲಿ ಈ ಪದ ಮೊದಲೇ ಇದೆ. ತೊಂದರೆ ಏನಂದ್ರೆ ಅದರ ಕೂರಂಟ್ (ಒಂದು ಹೆಜ್ಜೆಯಲ್ಲಿ ಹರಿವು ಎಷ್ಟು ಸೆಲ್, ಅಂದ್ರೆ ಲೆಕ್ಕದ ಚೌಕ, ದಾಟಬಹುದು ಅನ್ನೋ ಮಿತಿ) ಲೆಕ್ಕದಲ್ಲಿ ಶಬ್ದದ ವೇಗವೂ ಸೇರುತ್ತೆ. 0.1 ಮಿಮೀ ಸೆಲ್‌ಗೆ ಕೂರಂಟ್ 0.2 ಇಟ್ಟರೆ ಒಂದು ಹೆಜ್ಜೆ ಸುಮಾರು 30 ನ್ಯಾನೋಸೆಕೆಂಡು, 50 ಮಿಲಿಸೆಕೆಂಡು ಓಡಿಸೋಕೆ ಹದಿನೈದು ಲಕ್ಷಕ್ಕೂ ಮೇಲೆ ಹೆಜ್ಜೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತೇ ಇದೆ, ರೈಟ್ ಇಂಟರ್ವಲ್ (ಫಲಿತಾಂಶ ಸೇವ್ ಆಗುವ ಅಂತರ) ಚಿಕ್ಕದಾಗಿಡಿ. ಇಲ್ಲಾಂದ್ರೆ ಈಗಿನ ಸಾಲ್ವರ್‌ನಲ್ಲೇ ಇದ್ದು ಕೋಡೆಡ್ ಸೋರ್ಸ್ (ನಾವೇ ಬರೆದು ಸಮೀಕರಣಕ್ಕೆ ಸೇರಿಸುವ ತುಣುಕು) ಆಗಿ ಆ ಪದ ಸೇರಿಸಿ. ನಾನಾದರೆ ಎರಡನೆಯದು. ಸ್ನಿಗ್ಧತೆ ತಗೊಳ್ಳುವಾಗ ಗಾಳಿಯದ್ದಷ್ಟೇ ಸಾಲದು, ಟರ್ಬುಲೆನ್ಸಿನದ್ದೂ ಕೂಡಿದ ಎಫೆಕ್ಟಿವ್ ಮೌಲ್ಯ ಬೇಕು. ಚಿಹ್ನೆ ಉಲ್ಟಾ ಆದರೆ ಟ್ಯೂಬ್ ಹಿಂದುಮುಂದಾಗುತ್ತೆ, ಅದು ತಕ್ಷಣ ಗೊತ್ತಾಗುತ್ತೆ.

ಫ್ಲೂಯೆಂಟ್ ಅನ್ನೋ ಇನ್ನೊಂದು ಸಾಫ್ಟ್‌ವೇರ್ ಬಳಸುವವರು ಓದ್ತಿದ್ದರೆ: ಪ್ರೆಶರ್ ಬೇಸ್ಡ್ ಸಾಲ್ವರ್‌ನಲ್ಲಿ ಈ ಪದ ಸೇರೋಕೆ ವಿಸ್ಕಸ್ ಹೀಟಿಂಗ್ ಟಿಕ್ ನೀವೇ ಹಾಕಬೇಕು.

ಕೊಪ್ಪದ_ಮಳೆ

ಹಾಗಾದ್ರೆ ಕೆ-ಎಪ್ಸಿಲಾನ್ ಸರಿ ಅಂತಲಾ?

ತುಂಗೆಯ_ಸುಳಿ

ಸರಿ ಅನ್ನೋಕಾಗಲ್ಲ. ಹರಿವು ಬಾಗುವಾಗ, ತಿರುಗುವಾಗ ಟರ್ಬುಲೆನ್ಸ್ ಬದಲಾಗೋದು ಅದಕ್ಕೆ ತಿಳಿಯೋದಿಲ್ಲ. ಸುಳಿಯ ತಿರುಳು ಗಟ್ಟಿ ವಸ್ತುವಿನಂತೆ ಒಟ್ಟಿಗೆ ತಿರುಗುವಾಗ ಟರ್ಬುಲೆನ್ಸ್ ಅಡಗಬೇಕು, ಕೆ-ಎಪ್ಸಿಲಾನ್ ಅಲ್ಲೂ ಧಾರಾಳವಾಗಿ ಎಡ್ಡಿ ಸ್ನಿಗ್ಧತೆ (ಟರ್ಬುಲೆನ್ಸಿನಿಂದ ಬರುವ ಸ್ನಿಗ್ಧತೆ) ಹಂಚುತ್ತೆ. ಆದರೂ 2006ರಲ್ಲಿ ಸ್ಕೈ, ನೆಲ್ಲಿಸ್, ಕ್ಲೈನ್ ಮಾರುಕಟ್ಟೆಯ ಟ್ಯೂಬೊಂದರ ಅಳತೆಯನ್ನು ಎರಡು ಆಯಾಮದ ಸಿಮ್ಯುಲೇಷನ್‌ಗೆ ಹೋಲಿಸಿದ ಲೇಖನ ಇದೆ, ಅಂಥ ಸರಳ ಮಾದರಿಯಿಂದಲೂ ಉಪಯೋಗ ಇದೆ. ಮೊದಲು ಕೆ-ಎಪ್ಸಿಲಾನ್‌ನಲ್ಲಿ ನೆಲೆಗೆ ತಂದು, ಆ ಫಲಿತಾಂಶವನ್ನೇ ಆರಂಭವಾಗಿಟ್ಟು ಎಲ್‌ಆರ್‌ಆರ್‌ಗೆ (ಸುಳಿಯನ್ನು ಇನ್ನೂ ಚೆನ್ನಾಗಿ ಹಿಡಿಯುವ ಟರ್ಬುಲೆನ್ಸ್ ಮಾಡೆಲ್) ಬದಲಿಸಿ. ಅದು ಓಪನ್‌ಫೋಮ್ ಜೊತೆಗೇ ಬರುತ್ತೆ. ಸೊನ್ನೆಯಿಂದ ಎಲ್‌ಆರ್‌ಆರ್ ಓಡಿಸೋಕೆ ಹೋದರೆ ಸಿಡಿಯೋ ಸಂಭವ ಜಾಸ್ತಿ.

ಇನ್ನೊಂದು, ತಣ್ಣನೆ ತೂತಿನ ನಡುವಲ್ಲಿ ಗಾಳಿ ಒಳಕ್ಕೆ ಹೀರ್ತಿದೆಯಾ ನೋಡಿ. ಸುಳಿಯ ನಡುವಲ್ಲಿ ಒತ್ತಡ ಕಮ್ಮಿ, ಹಾಗಾಗೋದು ಸಹಜ. ಆದರೆ ಸಿಮ್ಯುಲೇಷನ್ ಮುಗಿಯುವ ಗಡಿ, ಅಂದ್ರೆ ಔಟ್‌ಲೆಟ್, ತೂತಿನ ಬಾಯಲ್ಲೇ ಇದ್ದರೆ, ಒಳಬರುವ ಆ ಗಾಳಿಗೆ ನೀವು ಬರೆದ 300 ಕೆಲ್ವಿನ್ ಫಲಿತಾಂಶದಲ್ಲಿ ಕಲಬೆರಕೆ ಆಗುತ್ತೆ. ಹೊರಗೊಂದು ಅಗಲದ ಕೋಣೆ ಸೇರಿಸಿ ಔಟ್‌ಲೆಟ್ ದೂರ ತಳ್ಳಿ. ತಣ್ಣನೆ ಪಾಲು ಹೆಚ್ಚುಕಮ್ಮಿ ಮಾಡೋಕೆ ಬಿಸಿ ತುದಿಯ ಒತ್ತಡ ಮಾತ್ರ ತಿರುಗಿಸಿ, ತಣ್ಣನೆ ಕಡೆ ವಾತಾವರಣದ ಒತ್ತಡವೇ ಇರಲಿ.

ಮಾಚೇನಹಳ್ಳಿ_ಲೇತ್

ಮೇಡಂ, ಸೋರ್ಸ್ ಸೇರಿಸಿ ಎಲ್‌ಆರ್‌ಆರ್‌ಗೆ ಹೋದ ಮೇಲೆ ಟೋಟಲ್ ತಾಪ ತಣ್ಣನೆ ಕಡೆ 263, ಬಿಸಿ ಕಡೆ 320 ಬಂತು. ಪಾಲು ಹಾಕಿ ನೋಡಿದೆ, ತಾಳೆ ಇದೆ. ಅದೇ ಒತ್ತಡ, ಅದೇ ಪಾಲಿನಲ್ಲಿ ಹಿತ್ತಾಳೆ ಟ್ಯೂಬಿಗೆ ಥರ್ಮೋಕಪಲ್ (ತಾಪ ಅಳೆಯುವ ತಂತಿ) ಇಟ್ಟರೆ ತಣ್ಣನೆ ಕಡೆ ಮೈನಸ್ 4, ಅಂದ್ರೆ 269. ಆರು ಡಿಗ್ರಿ ವ್ಯತ್ಯಾಸ ಎಲ್ಲಿಂದ? ತೂತಿನ ಸುತ್ತ ಬೆಳ್ಳಗೆ ಹಿಮ ಕೂರುತ್ತೆ. ಟ್ಯಾಂಕಿನ ಡ್ರೈನ್ ಕಾಕ್ ತಿರುಗಿಸಿದರೆ ಎಣ್ಣೆ ಬೆರೆತ ನೀರು, ಹಾಲಿನ ಬಣ್ಣದ್ದು, ಬುಸ್ ಅಂತ ಬರುತ್ತೆ. ಡ್ರೈಯರ್ ಇಲ್ಲ.

ತುಂಗೆಯ_ಸುಳಿ

ನಿಮ್ಮ ಸಿಮ್ಯುಲೇಷನ್ ಒಣ ಗಾಳಿಯದ್ದು, ನಿಮ್ಮ ಲೈನಿನಲ್ಲಿರೋದು ಮಲೆನಾಡಿನ ಮಳೆಗಾಲದ ಗಾಳಿ. 27 ಡಿಗ್ರಿಯಲ್ಲಿ, 5 ಬಾರ್ ಗೇಜ್‌ನಲ್ಲಿ ತುಂಬಿ ನಿಂತ ತೇವ ಅಂದ್ರೆ ಕೆಜಿ ಗಾಳಿಗೆ ಹತ್ತಿರಹತ್ತಿರ 3.7 ಗ್ರಾಂ ನೀರಾವಿ. ಹೊರಗಿನ ಒತ್ತಡದಲ್ಲಿ ಮೈನಸ್ 4ಕ್ಕೆ ಅದರಲ್ಲಿ 2.7 ಗ್ರಾಂ ಮಾತ್ರ ಆವಿಯಾಗಿ ನಿಲ್ಲುತ್ತೆ, ಉಳಿದ ಒಂದು ಗ್ರಾಂ ಹಿಮ. ಅದು ಬಿಡುವ ಶಾಖ ಆ ಕೆಜಿ ಗಾಳಿಯನ್ನು ಎರಡೂವರೆಯಿಂದ ಮೂರು ಡಿಗ್ರಿ ಮೇಲೇರಿಸುತ್ತೆ. ನಿಮ್ಮ ಆರರಲ್ಲಿ ಅರ್ಧ ಅಲ್ಲಿಗೆ ಹೋಯ್ತು. ಉಳಿದದ್ದಕ್ಕೆ ಹಿತ್ತಾಳೆಯ ಮೇಲೆ ನನಗೆ ಅನುಮಾನ. ಬಿಸಿ ತುದಿಯಿಂದ ತಣ್ಣನೆ ತುದಿಗೆ ಲೋಹದಲ್ಲೇ ಶಾಖ ನಡೆಯುತ್ತೆ, ಗೋಡೆಗೆ ಶಾಖವೇ ದಾಟಲ್ಲ ಅಂತ ನೀವು ಸಿಮ್ಯುಲೇಷನ್‌ನಲ್ಲಿ ಬರೆದಿದ್ದೀರಿ. ತಣ್ಣನೆ ಕಡೆಯ ಭಾಗವನ್ನು ನೈಲಾನ್‌ನಲ್ಲಿ ತಿರುಗಿಸಿ, ಥರ್ಮೋಕಪಲ್ ಗೋಡೆಗೆ ತಾಗದ ಹಾಗೆ ಹಿಡಿದು ಇನ್ನೊಮ್ಮೆ ಅಳೆಯಿರಿ.

ಪ್ಯಾನೆಲ್‌ಗೆ ಕೂರಿಸೋ ಮುಂಚೆ ಡ್ರೈಯರ್, ಅದರ ಜೊತೆಗೆ ಎಣ್ಣೆ ಹಿಡಿಯುವ ಫಿಲ್ಟರ್ ಹಾಕಿಸಿ. ಡ್ರೈವ್ ಕಾರ್ಡಿನ ಮೇಲೆ ಆ ಹಾಲು ಬಣ್ಣದ ನೀರು ಬಿದ್ದರೆ ಬಿಸಿಯೇ ವಾಸಿ ಇತ್ತು ಅನ್ನಿಸುತ್ತೆ.

ಮಾಚೇನಹಳ್ಳಿ_ಲೇತ್

ನೈಲಾನ್ ರಾಡ್ ಅಂಗಡಿಯಲ್ಲೇ ಇದೆ, ನಾಳೆ ತಿರುಗಿಸ್ತೀನಿ. ಡ್ರೈಯರ್ ವಿಷಯ ಫೌಂಡ್ರಿಯವರ ಹತ್ತಿರ ಮಾತಾಡಬೇಕು, ಅದರ ರೇಟ್ ಕೇಳಿದರೆ ಅವರು ಟ್ಯೂಬೇ ಬೇಡ ಅಂದಾರು.