ವೆಬ್‌ಸೈಟ್ ಮಾಡಲು ಮೊದಲು ಏನು ಕಲಿಯಬೇಕು? ಕೋರ್ಸಿಗೆ ಸೇರಲೇಬೇಕಾ?

ಕಾಪು ಕಡಲು:
ಎಲ್ಲರಿಗೂ ನಮಸ್ಕಾರ. ನಾನು ಬಿಕಾಂ ಮುಗಿಸಿ ಉಡುಪಿಯ ಕಲ್ಸಂಕದ ಹತ್ತಿರ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಮಲ್ಪೆಯಲ್ಲಿ ನನ್ನ ಮಾವನದು ಮೂರು ಕೋಣೆಯ ಹೋಮ್‌ಸ್ಟೇ ಉಂಟು. ಅದಕ್ಕೊಂದು ವೆಬ್‌ಸೈಟ್ ನಾನೇ ಮಾಡಿಕೊಡಬೇಕು ಅಂತ ಆಸೆ. ಕೈ ಹಿಡಿದರೆ ಮುಂದೆ ಇದನ್ನೇ ಕೆಲಸ ಮಾಡಿಕೊಳ್ಳಬೇಕು ಎಂದೂ ಮನಸ್ಸಿನಲ್ಲಿ ಇದೆ.

ಮಂಗಳೂರಿನ ಒಂದು ಸಂಸ್ಥೆಯಲ್ಲಿ ವಿಚಾರಿಸಿದೆ. ಆರು ತಿಂಗಳ ಫುಲ್ ಸ್ಟ್ಯಾಕ್ ಕೋರ್ಸಿಗೆ ₹45,000 ಹೇಳಿದರು. ರಿಯಾಕ್ಟ್, ನೋಡ್, ಡೇಟಾಬೇಸ್ ಎಂದು ಒಂದೇ ಉಸಿರಿಗೆ ಹತ್ತು ಹೆಸರು ಬಂತು, ಮನೆಗೆ ಬಂದು ಹುಡುಕಿದರೆ ಇನ್ನೂ ಇಪ್ಪತ್ತು, ಯಾವುದು ಮೊದಲು ಯಾವುದು ಆಮೇಲೆ ಎಂದೇ ಗೊತ್ತಾಗುತ್ತಿಲ್ಲ. ಮೊದಲು ಸಿ ಲ್ಯಾಂಗ್ವೇಜ್ ಕಲಿಯಬೇಕಾ? ನನ್ನ ಲ್ಯಾಪ್‌ಟಾಪ್ 4 ಜಿಬಿ ರ್‍ಯಾಮಿನದ್ದು, ಅದು ಸಾಕಾ? ಇನ್ನೊಂದು, ಮಾವ ಪ್ರಿಂಟಿಂಗ್ ಪ್ರೆಸ್‌ನಿಂದ ತಂದ ಕನ್ನಡ ಫೈಲನ್ನು ಕಾಪಿ ಮಾಡಿ ಹಾಕಿದರೆ ಬರೀ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ಯಾಕೆ?

ಬಲ್ಮಠ ರಸ್ತೆ:
ಹನ್ನೊಂದು ವರ್ಷದಿಂದ ಮಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ದಯವಿಟ್ಟು ಈಗಲೇ ದುಡ್ಡು ಕಟ್ಟಬೇಡಿ. ಸಿ ಲ್ಯಾಂಗ್ವೇಜ್ ಬೇಡ, ರಿಯಾಕ್ಟೂ ಸದ್ಯಕ್ಕೆ ಬೇಡ.

ಬ್ರೌಸರ್‌ಗೆ ಅರ್ಥವಾಗುವುದು ಮುಖ್ಯವಾಗಿ ಮೂರು. ಎಚ್‌ಟಿಎಂಎಲ್ ಅಂದರೆ ಪುಟದಲ್ಲಿ ಏನೇನು ಉಂಟು ಎಂದು ಹೇಳುವುದು: ಇದು ತಲೆಬರಹ, ಇದು ಚಿತ್ರ, ಇದು ಲಿಂಕ್. ಸಿಎಸ್‌ಎಸ್ ಅಂದರೆ ಅದು ಹೇಗೆ ಕಾಣಬೇಕು ಎಂಬುದು. ಜಾವಾಸ್ಕ್ರಿಪ್ಟ್ ಅಂದರೆ ಒತ್ತಿದಾಗ, ತುಂಬಿಸಿದಾಗ ಏನಾಗಬೇಕು ಎಂಬುದು. 1990ರ ದಶಕದಲ್ಲಿ ಹುಟ್ಟಿದ ಈ ಮೂರರ ಮೇಲೆಯೇ ಇವತ್ತಿಗೂ ಎಲ್ಲ ನಿಂತಿದೆ, ನಿಮಗೆ ಹೇಳಿದ ಆ ರಿಯಾಕ್ಟ್ ಕೂಡ ಜಾವಾಸ್ಕ್ರಿಪ್ಟೇ. ಎಚ್‌ಟಿಎಂಎಲ್‌ಗೆ ಎರಡು ವಾರ ಸಾಕು. ಸಿಎಸ್‌ಎಸ್‌ಗೆ ಜಾಸ್ತಿ ಸಮಯ ಕೊಡಿ, ಅದರಲ್ಲೂ ಫ್ಲೆಕ್ಸ್‌ಬಾಕ್ಸ್ (ಪುಟದ ಭಾಗಗಳನ್ನು ಸಾಲಾಗಿ ಜೋಡಿಸುವುದು) ಮತ್ತು ಮೀಡಿಯಾ ಕ್ವೆರಿ (ಪರದೆಯ ಅಳತೆಗೆ ತಕ್ಕಂತೆ ನೋಟ ಬದಲಿಸುವುದು). ಹೋಮ್‌ಸ್ಟೇ ಹುಡುಕುವವರು ಹೆಚ್ಚಾಗಿ ಮೊಬೈಲಿನಲ್ಲೇ ನೋಡುವುದು ಅಲ್ವಾ, ಅಲ್ಲಿ ಸರಿ ಕಾಣದಿದ್ದರೆ ಮಾಡಿ ಪ್ರಯೋಜನ ಇಲ್ಲ.

ಸಲಕರಣೆಗೆ ಒಂದು ರೂಪಾಯಿಯೂ ಬೇಡ. ಬರೆಯಲು ವಿಎಸ್ ಕೋಡ್, ನಿಮ್ಮ 4 ಜಿಬಿಯಲ್ಲೂ ನಡೆಯುತ್ತದೆ, ಕ್ರೋಮ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದಿಡದಿದ್ದರೆ ಆಯ್ತು. ನೋಡಲು ಬ್ರೌಸರ್. ಅದರಲ್ಲಿ ಎಫ್12 ಒತ್ತಿದರೆ ಡೆವಲಪರ್ ಟೂಲ್ಸ್ ತೆರೆಯುತ್ತದೆ. ಯಾವ ಸೈಟನ್ನಾದರೂ ತೆರೆದು ಅದರ ಒಳಗೆ ಹೇಗೆ ಬರೆದಿದ್ದಾರೆ ಎಂದು ನೋಡಬಹುದು, ಬಣ್ಣ, ಅಳತೆ ಬದಲಿಸಿ ನೋಡಬಹುದು, ಮೊಬೈಲಿನಲ್ಲಿ ಹೇಗೆ ಕಾಣುತ್ತದೆ ಎಂದೂ ಅಲ್ಲೇ ತಿಳಿಯುತ್ತದೆ. ನಾನು ಅರ್ಧ ವಿದ್ಯೆ ಕಲಿತದ್ದು ಹಾಗೆಯೇ. ಓದಲು ಮೊಜಿಲ್ಲಾದವರ ಎಂಡಿಎನ್, ಅಭ್ಯಾಸಕ್ಕೆ ಫ್ರೀಕೋಡ್‌ಕ್ಯಾಂಪ್, ಎರಡೂ ಉಚಿತ. ಗಿಟ್, ಅಂದರೆ ಬರೆದದ್ದರ ಹಳೆಯ ರೂಪಗಳನ್ನೂ ಉಳಿಸಿಡುವ ಸಲಕರಣೆ, ಅದನ್ನು ಒಂದು ತಿಂಗಳು ಬಿಟ್ಟು ಕಲಿಯಿರಿ.

ಎರಡು ತಿಂಗಳಾದ ಮೇಲೂ ಆಸಕ್ತಿ ಹಾಗೇ ಇದ್ದರೆ, ಆಗ ಬೇಕಾದರೆ ಕೋರ್ಸಿನ ಮಾತು.

ಮಣಿಪಾಲ ಮಳೆ:
ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಹೋಮ್‌ಸ್ಟೇ ಕೆಲಸ ಬೇಗ ಆಗಬೇಕಿದ್ದರೆ ವರ್ಡ್‌ಪ್ರೆಸ್ ನೋಡಿ, ಕೋಡ್ ಬರೆಯದೆಯೇ ಸೈಟ್ ಕಟ್ಟಬಹುದಾದ ತಂತ್ರಾಂಶ ಅದು. ಜಗತ್ತಿನ ವೆಬ್‌ಸೈಟ್‌ಗಳಲ್ಲಿ 40%ಕ್ಕಿಂತ ಜಾಸ್ತಿ ಅದರಲ್ಲೇ ನಡೆಯುತ್ತಿವೆ. ನಾಳೆ ನಿಮ್ಮ ಮಾವನೇ ಲಾಗಿನ್ ಆಗಿ ದರ ಬದಲಿಸಬಹುದು. ಆದರೆ ಅದನ್ನೂ, ಅದಕ್ಕೆ ಸೇರಿಸಿಕೊಳ್ಳುವ ಪ್ಲಗಿನ್ ಎಂಬ ಹೆಚ್ಚುವರಿ ಸಲಕರಣೆಗಳನ್ನೂ ಆಗಾಗ ಅಪ್‌ಡೇಟ್ ಮಾಡುತ್ತಲೇ ಇರಬೇಕು, ಮರೆತರೆ ಹ್ಯಾಕ್ ಆಗಬಹುದು.

ಅದಕ್ಕಿಂತ ದೊಡ್ಡ ಮಾತು ಒಂದುಂಟು ಮಾರಾಯ್ರೆ. ಡೊಮೇನ್ ಹೆಸರನ್ನು, ಅಂದರೆ ಸೈಟಿನ ವಿಳಾಸವನ್ನು, ಮಾವನ ಹೆಸರಿನಲ್ಲಿ, ಮಾವನ ಇಮೇಲ್‌ನಲ್ಲೇ ತೆಗೆದುಕೊಳ್ಳಿ. ನಮ್ಮ ಕೇಟರಿಂಗ್‌ಗೆ ಸೈಟ್ ಮಾಡಿಕೊಟ್ಟವರು ಡೊಮೇನನ್ನು ತಮ್ಮ ಹೆಸರಿನಲ್ಲಿ ಇಟ್ಟುಕೊಂಡಿದ್ದರು. ಮೂರನೇ ವರ್ಷ ಫೋನ್ ಎತ್ತಲಿಲ್ಲ, ಅವಧಿ ಮುಗಿಯಿತು, ಹೆಸರು ಬೇರೆಯವರ ಪಾಲಾಯಿತು. ವಿಸಿಟಿಂಗ್ ಕಾರ್ಡ್, ವ್ಯಾನಿನ ಮೇಲಿನ ಬರಹ ಎಲ್ಲ ಹೊಸತಾಗಿ ಮಾಡಿಸಬೇಕಾಯಿತು. ಅಪ್ಪನಿಗೆ ಆದ ಬೇಸರ ನೋಡಲು ಆಗುತ್ತಿರಲಿಲ್ಲ. ನೀವು ಮುಂದೆ ಬೇರೆಯವರಿಗೆ ಮಾಡಿಕೊಟ್ಟರೂ ಇದನ್ನು ಮರೆಯಬೇಡಿ.

ಒತ್ತಕ್ಷರ:
ಅಕ್ಕಾ, ಕನ್ನಡದ ಪ್ರಶ್ನೆಗೆ ನಾನು ಹೇಳುತ್ತೇನೆ. ಪ್ರೆಸ್‌ನ ಫೈಲ್ ಹಳೆಯ ಆಸ್ಕಿ ಫಾಂಟಿನಲ್ಲಿ ಇರಬೇಕು. ಅದರಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಇಂಗ್ಲಿಷ್ ಅಕ್ಷರದ ಸಂಖ್ಯೆಯನ್ನೇ, ಫಾಂಟ್ ಮಾತ್ರ ಕನ್ನಡದ ಆಕಾರ ತೋರಿಸುತ್ತದೆ. ಆ ಫಾಂಟ್ ಇಲ್ಲದ ಕಡೆ ಬಣ್ಣ ಬಯಲು. ಯುನಿಕೋಡ್ ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಪದ್ಧತಿ, ಅದರಲ್ಲಿ ಕನ್ನಡಕ್ಕೆ ಸ್ವಂತ ಸಂಖ್ಯೆಗಳಿವೆ. ಆಸ್ಕಿಯಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ, ಆದರೆ ಬದಲಿಸಿದ ಮೇಲೆ ಒಂದು ಸಲ ಪೂರ್ತಿ ಓದಿ, ಅಲ್ಲಲ್ಲಿ ಅರ್ಕಾವತ್ತು ತಪ್ಪಿರುತ್ತದೆ. ಮೂರೇ ಪುಟ ಆದರೆ ಸುಮ್ನೆ ಹೊಸತಾಗಿ ಟೈಪ್ ಮಾಡುವುದೇ ಒಳ್ಳೆಯದು.

ಎಚ್‌ಟಿಎಂಎಲ್ ಫೈಲಿನ ಮೇಲ್ಭಾಗದಲ್ಲಿ ಯುಟಿಎಫ್-8 (ಯುನಿಕೋಡ್ ಅಕ್ಷರಗಳನ್ನು ಉಳಿಸುವ ರೀತಿ) ಎಂದು ಹಾಕಿ, ಭಾಷೆ ಕನ್ನಡ ಎಂದೂ ನಮೂದಿಸಿ, ಕುರುಡರು ಬಳಸುವ ಸ್ಕ್ರೀನ್ ರೀಡರ್‌ಗೆ ಅದರಿಂದ ಯಾವ ಭಾಷೆಯಲ್ಲಿ ಓದಬೇಕು ಎಂದು ತಿಳಿಯುತ್ತದೆ. ನೋಟೋ ಸ್ಯಾನ್ಸ್ ಕನ್ನಡ ಉಚಿತ ಫಾಂಟ್. ಸಾಲುಗಳ ಅಂತರ ಅಕ್ಷರದ ಅಳತೆಯ 1.6 ಅಥವಾ 1.7 ಪಟ್ಟು ಇಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇಂಗ್ಲಿಷ್ ಪಾಠಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಕಾಪು ಕಡಲು:
ಎಷ್ಟು ಸಮಾಧಾನ ಆಯಿತು ಅಂದರೆ ಹೇಳಲಾಗದು. ಕೋರ್ಸ್ ಸದ್ಯಕ್ಕೆ ಬಿಟ್ಟೆ. ಬಲ್ಮಠ ಅಣ್ಣ, ಬುಕಿಂಗ್ ವಿವರ ಉಳಿಸಿಡಲು ಡೇಟಾಬೇಸ್ ಬೇಡವಾ? ಸೈಟ್ ಇಡುವುದು ಎಲ್ಲಿ?

ಬಲ್ಮಠ ರಸ್ತೆ:
ಮೂರು ಕೋಣೆಗೆ ಬೇಡ. ಒತ್ತಿದರೆ ಫೋನ್ ಹೋಗುವ ಲಿಂಕ್ ಒಂದು, ವಾಟ್ಸ್‌ಆ್ಯಪ್ ತೆರೆಯುವ ಲಿಂಕ್ ಒಂದು, ಅಷ್ಟು ಸಾಕು. ಅಭ್ಯಾಸದ ಪುಟಗಳನ್ನು ಗಿಟ್‌ಹಬ್ ಪೇಜಸ್‌ನಲ್ಲಿ ಪುಕ್ಕಟೆಯಾಗಿ ಇಡಬಹುದು. ಆದರೆ ವ್ಯಾಪಾರ ನಡೆಸುವ ಸೈಟಿಗೆ ಅದು ಅಲ್ಲ, ಅವರ ನಿಯಮದಲ್ಲೇ ಹಾಗೆ ಇದೆ, ಮಾವನ ಸೈಟಿಗೆ ಒಂದು ಸಣ್ಣ ಹೋಸ್ಟಿಂಗ್, ಅಂದರೆ ಸೈಟ್ ಇಡಲು ಬಾಡಿಗೆ ಜಾಗ, ತೆಗೆದುಕೊಳ್ಳಿ. ಫೋಟೋ ಮೊಬೈಲಿನಿಂದ ನೇರ ಹಾಕಬೇಡಿ, ಒಂದೊಂದೂ 4–5 ಎಂಬಿ ಇರುತ್ತದೆ. ಸ್ಕ್ವೂಶ್ ಎಂಬ ಉಚಿತ ಸಲಕರಣೆಯಲ್ಲಿ ಕುಗ್ಗಿಸಿ, ಕಡಿಮೆ ಜಾಗ ಹಿಡಿಯುವ ವೆಬ್‌ಪಿ ಎಂಬ ಚಿತ್ರರೂಪಕ್ಕೆ ಬದಲಿಸಿ.

ಮತ್ತೆ, ಮಾವನಿಗೆ ಫೋನಿನಲ್ಲಿ ಜನ ಏನೇನು ಕೇಳುತ್ತಾರೆ ಎಂದು ಒಂದು ವಾರ ಬರೆದಿಡಲು ಹೇಳಿ. ಅದೇ ನಿಮ್ಮ ಮೊದಲ ಪುಟ.

ಕಾಪು ಕಡಲು:
ಬರೆದಿಟ್ಟಿದ್ದಾರೆ! ಜಾಸ್ತಿ ಜನ ಕೇಳಿದ್ದು ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಉಂಟಾ ಎಂದು. ಮಳೆಗಾಲದಲ್ಲಿ ಬೋಟ್ ಇಲ್ಲ ಎಂದು ಮಾವ ದಿನಕ್ಕೆ ನಾಲ್ಕು ಸಲ ಹೇಳುತ್ತಾರಂತೆ. ಎರಡನೆಯದು ಕಾರ್ ನಿಲ್ಲಿಸಲು ಜಾಗ, ಮೂರನೆಯದು ಕೃಷ್ಣ ಮಠಕ್ಕೆ ಎಷ್ಟು ದೂರ. ಇವತ್ತು ರಾತ್ರಿ ಆ ಮೂರು ಉತ್ತರ ಕನ್ನಡದಲ್ಲೇ ಟೈಪ್ ಮಾಡಿ, ಎಚ್‌ಟಿಎಂಎಲ್ ಪುಟಕ್ಕೆ ಹಾಕಿ, ಲ್ಯಾಪ್‌ಟಾಪ್‌ನಲ್ಲೇ ತೆರೆದು ನೋಡಿದೆ. ಅಕ್ಷರ ಸರಿಯಾಗಿ ಬಂದಿದೆ. ಇನ್ನು ಸಾಲುಗಳ ಅಂತರ ಸರಿಮಾಡಬೇಕು.