ಮಹಾಳಿ: ಹೋದ ವರ್ಷ ಕೆಲಸ ಮಾಡಿದ ಅಂಟು ಈ ವರ್ಷ ಯಾಕೆ ಮಾಡಲಿಲ್ಲ?

ಪೆರ್ಲ_ತೋಟ:
ಹೋದ ವರ್ಷ ಬೋರ್ಡೋ ಮದ್ದಿಗೆ (ಮೈಲುತುತ್ತು, ಸುಣ್ಣದ ದ್ರಾವಣ) ಮಳೆಗೆ ತೊಳೆದು ಹೋಗದ ಹಾಗೆ ಹಿಡಿಸುವ ಹೊಸದೊಂದು ಅಂಟು ಸೇರಿಸಿ ಅಡಿಕೆ ಗೊನೆಗಳಿಗೆ ಬಿಟ್ಟೆವು. ಮಹಾಳಿ, ಅಂದರೆ ಅಡಿಕೆಯ ಕೊಳೆರೋಗ, ಬರಲೇ ಇಲ್ಲ. ಈ ವರ್ಷವೂ ಅದೇ ಅಂಟು, ಅದೇ ಅಳತೆ. ಆದರೆ ಜುಲೈ ಕೊನೆಗೆ ತೋಟದ ಕೆಳಬದಿಯಲ್ಲಿ ಎಳೆ ಅಡಿಕೆ ಉದುರಲು ಶುರುವಾಯಿತು. ತೊಟ್ಟಿನ ಹತ್ತಿರ ನೀರು ಹಿಡಿದ ಹಾಗೆ ಕಡುಹಸಿರು ಕಲೆ, ಬಿದ್ದದ್ದರ ಮೇಲೆ ಬಿಳಿ ಬೂಸ್ಟು. ತಮ್ಮ ಹೇಳುವುದು, ಅಂಟಿನ ಈ ಡಬ್ಬಿಯೇ ಸರಿ ಇಲ್ಲ ಅಂತ. ಅಪ್ಪ ಮಳೆ ಅಂತಾರೆ. ಬೇರೆ ಅಂಟು ತರಬೇಕಾ?

ಮುಳ್ಳೇರಿಯದವ:
ಅಂಟಿನ ಮಾತು ಆಮೇಲೆ. ಮೊದಲು ಮದ್ದು ಸರಿ ಇತ್ತಾ? 100 ಲೀಟರಿಗೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ ಅಲ್ವಾ? ಉಜ್ಜಿ ಬೆಳ್ಳಗೆ ಮಾಡಿದ ಕತ್ತಿಯನ್ನು ಸ್ವಲ್ಪ ಹೊತ್ತು ಮದ್ದಿನಲ್ಲಿ ಅದ್ದಿಡಿ. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಸುಣ್ಣದ ತಿಳಿ ಇನ್ನೂ ಸ್ವಲ್ಪ ಸೇರಿಸಿ ಮತ್ತೆ ನೋಡಿ.

ಪೆರ್ಲ_ತೋಟ:
ಕತ್ತಿ ನೋಡಿಯೇ ಬಿಟ್ಟದ್ದು ಅಣ್ಣ, ಕೆಂಪು ಬರಲಿಲ್ಲ. ಮೊದಲ ಸಲ ಮಳೆ ಹಿಡಿಯುವ ಮೊದಲೇ ಆಯಿತು. ಎರಡನೆಯದು ತಡವಾಯಿತು, ಮಳೆ ಬಿಡಲೇ ಇಲ್ಲ. ಹೋದ ವರ್ಷ ಜುಲೈಯಲ್ಲಿ ಒಳ್ಳೆ ಬಿಸಿಲಿತ್ತು.

ಕುಂಬ್ಳೆ_ಗದ್ದೆ:
ಆ ಕೊನೆಯ ಸಾಲಿನಲ್ಲೇ ವಿಷಯ ಇದೆ. ಹೋದ ವರ್ಷ ಅಂಟು ಹಾಕದ ನೆರೆಕರೆಯ ತೋಟಗಳಲ್ಲಿ ಮಹಾಳಿ ಇತ್ತಾ?

ಪೆರ್ಲ_ತೋಟ:
ಇಲ್ಲ. ಯಾರಿಗೂ ಹೆಚ್ಚು ಬಂದಿರಲಿಲ್ಲ.

ಕುಂಬ್ಳೆ_ಗದ್ದೆ:
ಹಾಗಾದರೆ ಅಂಟು ಹೋದ ವರ್ಷ ಕೆಲಸ ಮಾಡಿತು ಅನ್ನಲು ಆಧಾರವೇ ಇಲ್ಲ. ಬಿಸಿಲಿನ ದಿನ ಕೊಡೆ ಹಿಡಿದು ಪೇಟೆಗೆ ಹೋಗಿಬಂದರೆ ಕೊಡೆ ಸೋರುತ್ತದೋ ಇಲ್ಲವೋ ಹೇಗೆ ಗೊತ್ತಾಗಬೇಕು? ತಡೆಯಲು ರೋಗವೇ ಇಲ್ಲದ ವರ್ಷ ಅದು. ಅಂಟು ಒಳ್ಳೆಯದು ಅಂತಲೂ ಹೇಳಲಾಗದು, ಕೆಟ್ಟದು ಅಂತಲೂ ಹೇಳಲಾಗದು. ಕಾರಣಗಳನ್ನು ಜನ ಹೇಗೆ ಕಲಿಯುತ್ತಾರೆ ಅಂತ ಅಧ್ಯಯನ ಮಾಡಿದ ಪೆಟ್ರಿಶಿಯಾ ಚೆಂಗ್ 1997ರಲ್ಲಿ ಇದನ್ನೇ ಲೆಕ್ಕ ಹಾಕಿ ತೋರಿಸಿದರು. ತಡೆಯುವ ವಸ್ತುವಿನ ಬಲ ಅಳೆಯಬೇಕಾದರೆ, ಅದು ಇಲ್ಲದ ಕಡೆ ತೊಂದರೆ ಬರುತ್ತಿರಬೇಕು.

ಇದು ಒಪ್ಪಿದರೆ ನಿಮ್ಮ ಪ್ರಶ್ನೆಯೇ ಬದಲಾಗುತ್ತದೆ. "ಒಳ್ಳೆಯ ಅಂಟು ಹೇಗೆ ಕೆಟ್ಟಿತು" ಅಂತ ಹುಡುಕುವ ಅಗತ್ಯವಿಲ್ಲ. ಡಬ್ಬಿಯ ಮೇಲಿನ ಸಂಶಯಕ್ಕೆ ಸದ್ಯ ಬುಡವಿಲ್ಲ. ಎರಡನೇ ಮದ್ದು 40–45 ದಿನಕ್ಕೆ ಬೀಳಬೇಕಿತ್ತು, ಬೀಳಲಿಲ್ಲ. ಮಳೆ ಬಿಡಲಿಲ್ಲ. ಕೆಳಬದಿಯಲ್ಲಿ ಶೀತ ಜಾಸ್ತಿ. ನನ್ನ ಅಭಿಪ್ರಾಯದಲ್ಲಿ ಅಪ್ಪ ಹೇಳಿದ್ದೇ ಸರಿಗೆ ಹತ್ತಿರ.

ಇನ್ನೊಂದು. ಅಂಟು ಒಂದೇ ಬಿಟ್ಟವರಿಲ್ಲ, ಬೋರ್ಡೋ ಜೊತೆಗೇ ಅದು ಹೋಗುವುದು. ಬೋರ್ಡೋ ನಮ್ಮ ಕಡೆ ಅಜ್ಜಂದಿರ ಕಾಲದಿಂದ ಇದೆ, ಈ ಹೊಸ ಅಂಟು ಇಲ್ಲದೆಯೂ ಮಹಾಳಿ ತಡೆಯುತ್ತಿತ್ತು. ಒಂದೇ ಸಾಕು ಅಂತ ಗೊತ್ತಾದ ಮೇಲೆ ಜೊತೆಗಿದ್ದ ಇನ್ನೊಂದರ ಪಾಲನ್ನು ಜನ ಹಿಂದಕ್ಕೆ ಹೋಗಿ ಕಡಿಮೆ ಮಾಡುತ್ತಾರೆ. ಮನಶ್ಶಾಸ್ತ್ರಜ್ಞ ಡೇವಿಡ್ ಶ್ಯಾಂಕ್ಸ್ 1985ರಲ್ಲಿ ವಿಡಿಯೋ ಗೇಮ್ ಆಡಿಸಿ ಇದನ್ನು ಕಂಡರು. ಟ್ಯಾಂಕ್ ಸಿಡಿದದ್ದು ಗುಂಡಿನಿಂದಲೋ ನೆಲದಡಿಯ ಬಾಂಬಿನಿಂದಲೋ ಅಂತ ಜನ ಹೇಳಬೇಕಿತ್ತು. ಬಾಂಬ್ ಒಂದೇ ಸಾಕು ಅಂತ ಆಮೇಲೆ ನೋಡಿದವರು ಗುಂಡಿಗೆ ಕೊಟ್ಟ ಅಂಕ ಇಳಿಸಿದರು. ಅಂಟಿಗೆ ಕೊಟ್ಟ ಅಂಕವನ್ನೂ ಹಾಗೆ ಇಳಿಸಬಹುದು. ಆದರೆ ಸೊನ್ನೆಗೆ ಇಳಿಸಬೇಡಿ, ಜೋರು ಮಳೆಯಲ್ಲಿ ಅದು ಉಪಕಾರ ಮಾಡೀತು.

ಪೆರ್ಲ_ತೋಟ:
ಸರಿ ಅನಿಸಿತು. ಹಾಗಾದರೆ ಮುಂದಿನ ವರ್ಷ ಕೆಲವು ಮರಗಳಿಗೆ ಮದ್ದೇ ಬಿಡದೆ ನೋಡಬೇಕಾ? ಅಪ್ಪ ಒಪ್ಪಲಿಕ್ಕಿಲ್ಲ.

ಮುಳ್ಳೇರಿಯದವ:
ಬೇಡವೇ ಬೇಡ! ಅಲ್ಲಿಂದ ಇಡೀ ತೋಟಕ್ಕೆ ಹರಡುತ್ತದೆ.

ಕುಂಬ್ಳೆ_ಗದ್ದೆ:
ಹೌದು, ಬೋರ್ಡೋ ಎಲ್ಲದಕ್ಕೂ ಬೀಳಲಿ. ಅಂಟು ಮಾತ್ರ ಸಾಲು ಬಿಟ್ಟು ಸಾಲು ಹಾಕಿ. ಮೇಲಿನ ಬದಿಗೆ ಅಂಟು, ಕೆಳಬದಿಗೆ ಇಲ್ಲ ಅಂತ ಮಾಡಿದರೆ ಶೀತದ ತಪ್ಪು ಅಂಟಿನ ಲೆಕ್ಕಕ್ಕೆ ಹೋಗುತ್ತದೆ. ಅಂಟು ಹಾಕಿದ ಸಾಲಿನ ಮರಗಳಿಗೆ ಸುಣ್ಣದಲ್ಲಿ ಗುರುತು ಹಾಕಿ. ಎರಡೂ ಬಗೆಯ ಮರಗಳ ಬುಡದಲ್ಲಿ ಉದುರಿದ ಅಡಿಕೆ ಬೇರೆ ಬೇರೆ ಹೆಕ್ಕಿ ಎಣಿಸಿ. ಎಣಿಸುವವರಿಗೆ ಯಾವ ಸಾಲು ಯಾವುದು ಅಂತ ಹೇಳದಿದ್ದರೆ ಇನ್ನೂ ಒಳ್ಳೆಯದು, ಹಾಗಾಗಿ ಗುರುತಿನ ಅರ್ಥ ನಿಮ್ಮಲ್ಲೇ ಇರಲಿ. ಈಗ ಮಳೆ ಸ್ವಲ್ಪ ಬಿಟ್ಟ ಕೂಡಲೇ ಎರಡನೇ ಮದ್ದು ಮುಗಿಸಿ, ಕೊಳೆತ ಗೊನೆ ತೆಗೆದು ತೋಟದಿಂದ ಹೊರಗೆ ಹಾಕಿ.

ಪೆರ್ಲ_ತೋಟ:
ಮದ್ದು ಬಿಡುವವರಿಗೆ ಫೋನ್ ಮಾಡಿದ್ದೇನೆ. ನಾಳೆ ಬೆಳಿಗ್ಗೆ ಮಳೆ ಇಲ್ಲದಿದ್ದರೆ ಬರುತ್ತಾರೆ.