ಪದಚರ್ಚೆ: ಓವರ್‌ಕ್ಲಾಕ್‌ನಲ್ಲಿ 'ಓವರ್' ಯಾವುದರ ಮೇಲೆ? ಏರೋದಾ, ಏರಿಸೋದಾ?

ಎಲ್ರಿಗೂ ನಮಸ್ಕಾರ.

ನಮ್ಮಕ್ಕನ ಮಗ ಹೊಸ ಡೆಸ್ಕ್‌ಟಾಪ್ ಜೋಡಿಸ್ಕೋತಿದಾನೆ, ಯಾವ ಮದರ್‌ಬೋರ್ಡ್ ತಗೊಳ್ಲಿ ಮಾಮ, ಓವರ್‌ಕ್ಲಾಕ್ ಮಾಡ್ಬಹುದಾ (ಅಂದ್ರೆ ಪ್ರೊಸೆಸರ್ ಚಿಪ್ಪನ್ನ ಕಂಪನಿ ಗೊತ್ತು ಮಾಡಿದ್ದಕ್ಕಿಂತ ಜಾಸ್ತಿ ಸ್ಪೀಡಲ್ಲಿ ಓಡಿಸೋದು) ಅಂತೆಲ್ಲ ಕೇಳಿದ, ಸರಿ ಕನ್ನಡದಲ್ಲೇ ಎರಡು ಪುಟ ಬರೆದು ಕಳಿಸೋಣ ಅಂತ ಕೂತೆ. ಮದರ್‌ಬೋರ್ಡು (ಎಲ್ಲ ಬಿಡಿಭಾಗ ಕೂರೋ ಮುಖ್ಯ ಹಲಗೆ), ಸಾಕೆಟ್ಟು (ಅದರಲ್ಲಿ ಪ್ರೊಸೆಸರ್ ಕೂರೋ ಗೂಡು), ಚಿಪ್‌ಸೆಟ್ಟು (ಬೋರ್ಡನ್ನ ನಿಯಂತ್ರಿಸೋ ಚಿಪ್ಪು) ಇವೆಲ್ಲ ಇದ್ದ ಹಾಗೇ ಇರಲಿ, ನನ್ನ ತಕರಾರಿಲ್ಲ ('ತಾಯಿಹಲಗೆ ಕೊಡಿ' ಅಂದ್ರೆ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಯವ್ನು ಪಕ್ಕದ ಬೀದಿಲಿ ಬಡಗಿ ಇದಾನೆ ನೋಡಿ ಅಂತಾನೆ). ಆದ್ರೆ 'ಓವರ್‌ಕ್ಲಾಕ್ ಮಾಡು' ಅನ್ನೋದನ್ನ ಬಿಡಿಸಿ ಹೇಳೋಕೆ ಹೋದಾಗ ಪೆನ್ನು ನಿಂತೋಯ್ತು, ಯಾಕಂದ್ರೆ ಆ ಪದದಲ್ಲಿರೋ 'ಓವರ್' ಯಾವುದಕ್ಕಿಂತ ಓವರ್ ಅಂತ ಇಂಗ್ಲಿಷಲ್ಲೇ ಈಗ ಸರಿಯಾಗಿ ಉಳಿದಿಲ್ಲ. ಇದಕ್ಕೆ ನಮ್ಮಲ್ಲಿ ಬಳಕೆಯಲ್ಲಿರೋ ಕ್ರಿಯಾಪದ ಏನಾದ್ರೂ ಇದೆಯಾ, ನಿಮ್ಮ ಕಡೆ ಏನಂತಾರೆ, ಅದೇ ನನ್ನ ಪ್ರಶ್ನೆ.

ಹುಡುಗರು ಆಡು ಮಾತಲ್ಲಿ 'ಓಸಿ ಮಾಡ್ದೆ' ಅಂತಾರೆ. ಬರವಣಿಗೇಲಿ ಇದನ್ನ ಬಳಸೋಕೆ ನನಗೆ ಭಯ. ಬೆಂಗಳೂರಲ್ಲಿ ಫ್ಲಾಟ್ ತಗೊಂಡವ್ರಿಗೆ ಓಸಿ ಅಂದ್ರೆ ಬಿಲ್ಡರ್ ಕೊಡದೇ ಸತಾಯಿಸೋ ಆಕ್ಯುಪೆನ್ಸಿ ಸರ್ಟಿಫಿಕೇಟು, ಶಿವಮೊಗ್ಗ ದಾವಣಗೆರೆ ಕಡೆ ಓಸಿ ಅಂದ್ರೆ ಮಟ್ಕಾ, ಪೊಲೀಸ್ ಕೇಸು. ಇನ್ನು 'ಓಸಿ ಊಟ' ಅನ್ನೋದು ಎಲ್ರಿಗೂ ಗೊತ್ತಿರೋದೇ, ದುಡ್ಡು ಕೊಡದೇ ಹೊಡೆಯೋದು. ತಮಾಷೆ ಅಂದ್ರೆ ಈ ಮೂರನೇ ಅರ್ಥ ಹಳೇ ಓವರ್‌ಕ್ಲಾಕಿಂಗ್‌ಗೆ ಸರಿಯಾಗೇ ಹೊಂದತ್ತೆ. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ನೆನಪಿದೆಯಾ? 66 ಮೆಗಾಹರ್ಟ್ಸ್ ಬಸ್ಸು (ಬೋರ್ಡ್ ಚಿಪ್ಪಿಗೆ ಕೊಡೋ ಮೂಲ ಮಿಡಿತ), ನಾಲ್ಕೂವರೆ ಪಟ್ಟು, ಅಲ್ಲಿಗೆ ಸುಮಾರು 300. ಬೋರ್ಡಲ್ಲಿ ಬಸ್ಸನ್ನ 100ಕ್ಕೆ ಇಟ್ರೆ ಅದೇ ಚಿಪ್ಪು 450ರಲ್ಲಿ ಓಡ್ತಿತ್ತು, ಅಬಿಟ್ ಬಿಎಚ್6 ಬೋರ್ಡು ಹೆಸರು ಮಾಡಿದ್ದೇ ಈ ಆಟದಿಂದ. ದುಬಾರಿ ಪೆಂಟಿಯಂ 2ರ ಸ್ಪೀಡು ಅಗ್ಗದ ಚಿಪ್ಪಲ್ಲಿ ಓಸಿಯಾಗಿ ಸಿಕ್ತಿತ್ತು.

ಆಗ ಪದದ ಅರ್ಥ ಸಲೀಸು. ಚಿಪ್ಪಿನ ಮೇಲೆ ಒಂದೇ ನಂಬರ್ ಅಚ್ಚಾಗಿರ್ತಿತ್ತು, 300 ಅಂತ, ಅದಕ್ಕಿಂತ ಮೇಲೆ ಹೋದ್ರೆ ಓವರ್. ಈಗ ನೋಡಿ, ಐ9-14900ಕೆ ಅನ್ನೋ ಇಂಟೆಲ್ ಚಿಪ್ಪು ತಗೊಂಡ್ರೆ ಬೇಸ್ (ಮಾಮೂಲಿ ಸ್ಪೀಡು) 3.2 ಗಿಗಾಹರ್ಟ್ಸ್, ಟರ್ಬೋ (ಚಿಪ್ಪು ತಾನೇ ಏರೋ ಸ್ಪೀಡು) 6.0 ಗಿಗಾಹರ್ಟ್ಸ್ ತನಕ. ಹಾಗಾದ್ರೆ 5.5ರಲ್ಲಿ ಓಡ್ತಿರೋ ಚಿಪ್ಪು ಓವರ್ರೋ ಅಲ್ವೋ? ಎರಡು ನಂಬರ್ ಮಧ್ಯೆ ಇಡೀ ಒಂದು ಬಯಲೇ ಇದೆ, ಅಲ್ಲಿ ಚಿಪ್ಪು ಬಿಸಿ ನೋಡ್ಕೊಂಡು, ವ್ಯಾಟ್ ನೋಡ್ಕೊಂಡು, ಎಷ್ಟು ಕೋರ್ ಕೆಲಸದಲ್ಲಿದೆ ನೋಡ್ಕೊಂಡು ತನ್ನಷ್ಟಕ್ಕೆ ತಾನು ಹತ್ತಿ ಇಳಿದು ಮಾಡ್ತಿರತ್ತೆ. ಸಾಲದ್ದಕ್ಕೆ 'ಬೇಸ್ ಕ್ಲಾಕ್' ಅನ್ನೋ ಮಾತಿಗೇ ಎರಡರ್ಥ, ಒಂದು ಈ 3.2, ಇನ್ನೊಂದು ಬೋರ್ಡ್ ಕೊಡೋ 100 ಮೆಗಾಹರ್ಟ್ಸ್ ಮಿಡಿತ, ಅದನ್ನ 50ರಿಂದ ಗುಣಿಸಿದ್ರೆ 5 ಗಿಗಾಹರ್ಟ್ಸ್. ಕೆಲವು ಕಡೆ ಕ್ಲಾಕ್ ಸ್ಪೀಡನ್ನ 'ಗಡಿಯಾರ ವೇಗ' ಅಂತ ಬರೆದಿರ್ತಾರೆ, ಓದಿದವ್ನು ಗೋಡೆ ಗಡಿಯಾರ ಮುಂದೆ ಹೋಗತ್ತೆ ಅಂದ್ಕೋತಾನೆ ಅಷ್ಟೇ. ಮಿಡಿತ ಅಂದ್ರೆ ಎಷ್ಟೋ ವಾಸಿ.

ರ‍್ಯಾಮ್‌ದು ಇನ್ನೂ ವಿಚಿತ್ರ. ಡಬ್ಬದ ಮೇಲೇ ಡಿಡಿಆರ್5-6000 ಅಂತ ದಪ್ಪಗೆ ಬರೆದು ಮಾರ್ತಾರೆ, ಬಯೋಸಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗುಗಳ ಮೆನು) ಎಕ್ಸ್‌ಪೋ ಅನ್ನೋ ರೆಡಿ ಸೆಟ್ಟಿಂಗ್ ಆನ್ ಮಾಡಿದ್ರೆ ಆ 6000 ಬರತ್ತೆ, ಡಬ್ಬದಲ್ಲಿರೋದೇ ಬಂತು, ಓವರ್ ಎಲ್ಲಿಂದ? ಆದ್ರೆ ರೈಜನ್ 9000 ಚಿಪ್ಪಿಗೆ ಎಎಂಡಿ ಹೇಳಿರೋ ಮೆಮೊರಿ ಸ್ಪೀಡು 5600 ಮಾತ್ರ, ಹಾಗಾಗಿ ಸಣ್ಣ ಅಕ್ಷರದಲ್ಲಿ ಇದೂ ಓವರ್‌ಕ್ಲಾಕೇ, ವಾರಂಟಿಗೆ ಹೊರಗು ಅಂತ ಬರೆದಿರ್ತಾರೆ. ಇಂಟೆಲ್ ಕಡೆಯ ಎಕ್ಸ್‌ಎಂಪಿದೂ ಇದೇ ಕತೆ. ಅಂದ್ರೆ ಒಬ್ಬನ ಲೇಬಲ್ಲು ಇನ್ನೊಬ್ಬನ ಓವರ್ರು.

ಈಗ ಕನ್ನಡಕ್ಕೆ ಬರೋಣ. 'ಅತಿ' ಹಚ್ಚಿ ಮಾಡಿದ ಪದಗಳು ನನಗೆ ಹಿಡಿಸಲ್ಲ, 'ಅತಿ ಆಯ್ತು ನಿಂದು' ಅನ್ನೋ ಬೈಗುಳ ಅದರೊಳಗೇ ಇದೆ, ಅತಿವೃಷ್ಟಿ ಅಂದ್ರೆ ಬೆಳೆ ಹೋಯ್ತು ಅಂತಲೇ ಅರ್ಥ, ಇಲ್ಲಿ ಹಾಗಲ್ಲ, ಸರಿಯಾಗಿ ಮಾಡಿದ್ರೆ ಏನೂ ಕೆಡಲ್ಲ. 'ಮೀರು' ಚೆನ್ನಾಗಿದೆ, ಆದ್ರೆ ನಾವು ಮಾಡಿಸಿದ್ದು ಅನ್ನೋಕೆ 'ಮೀರಿಸು' ಅಂದ್ರೆ ಅರ್ಥ ಬೇರೇನೇ ಆಗೋಗತ್ತೆ, ಗುರುವನ್ನ ಮೀರಿಸಿದ ಶಿಷ್ಯ ಅಂತೀವಲ್ಲ ಹಾಗೆ. ಸಂಗೀತದವ್ರು ಹೇಳೋ 'ಮೇಲ್ಕಾಲ'ವನ್ನೂ ಯೋಚಿಸ್ದೆ, ಆದ್ರೆ ಅಲ್ಲಿ ವೇಗ ನೆಟ್ಟಗೆ ಎರಡು ಪಟ್ಟು, ಇಲ್ಲಿ 5.0 ಹೋಗಿ 5.2 ಆದ್ರೆ ಹಬ್ಬ.

ಉಳಿದಿದ್ದು ಏರು, ಏರಿಸು. ಇದು ನನಗೆ ಕೂತ್ಕೊಂಡುಬಿಡ್ತು. 'ಹಾಲಿನ ದರ ಏರಿತು', 'ಹಾಲಿನ ದರ ಏರಿಸಿದರು', ಈ ಎರಡರ ವ್ಯತ್ಯಾಸ ಯಾರಿಗೂ ವಿವರಿಸ್ಬೇಕಿಲ್ಲ, ಎರಡನೇದರಲ್ಲಿ ಯಾರನ್ನೋ ಹಿಡಿದು ಕೇಳಬಹುದು. ಟರ್ಬೋ ಅಂದ್ರೆ ಚಿಪ್ಪು ತಾನೇ ಏರೋದು. ಓವರ್‌ಕ್ಲಾಕ್ ಅಂದ್ರೆ ನಾವು ಏರಿಸೋದು. 'ಮಿಡಿತ 5.6ಕ್ಕೆ ಏರತ್ತೆ', 'ಮಿಡಿತ 5.6ಕ್ಕೆ ಏರಿಸ್ದೆ'. ಇಂಗ್ಲಿಷಲ್ಲಿ ಬೂಸ್ಟು, ಟರ್ಬೋ, ಓವರ್‌ಕ್ಲಾಕು ಅಂತ ಮೂರು ಪದ ಇಟ್ಕೊಂಡೂ ಯಾರು ಮಾಡಿದ್ದು ಅನ್ನೋದು ಮಸುಕಾಗೇ ಇರತ್ತೆ, ನಮಗೆ ಒಂದು 'ಇಸು' ಸಾಕು. ವೋಲ್ಟೇಜ್ ಕಮ್ಮಿ ಮಾಡೋ ಅಂಡರ್‌ವೋಲ್ಟಿಗೂ ಜೋಡಿ ಸಿಕ್ತು, ಇಳಿಸೋದು.

ಇದು ಬರೀ ವ್ಯಾಕರಣದ ಚಪಲ ಅಲ್ಲ, ಬೋರ್ಡ್ ಆರಿಸೋವಾಗ ನಿಜವಾಗಿ ಬೇಕಾಗತ್ತೆ. ಯಾಕಂದ್ರೆ ಏರಿಸೋ ಮೂರನೇ ಕೈ ಒಂದಿದೆ, ಮದರ್‌ಬೋರ್ಡ್‌ದೇ. ನೀವು ಬಯೋಸ್ ಮುಟ್ಟೇ ಇರಲ್ಲ, ಆದ್ರೂ ಕಾರ್ಖಾನೆಯಿಂದಲೇ ಪವರ್ ಲಿಮಿಟ್ (ಚಿಪ್ಪು ಎಳೀಬಹುದಾದ ವ್ಯಾಟಿನ ಮಿತಿ) ಸಡಿಲ ಮಾಡಿ ಕಳಿಸಿರ್ತಾರೆ, ರಿವ್ಯೂನಲ್ಲಿ ಎರಡು ಪಾಯಿಂಟ್ ಜಾಸ್ತಿ ಬರಲಿ ಅಂತ. 13 ಮತ್ತು 14ನೇ ಪೀಳಿಗೆಯ ಇಂಟೆಲ್ ಚಿಪ್ಪುಗಳು ಕ್ರಾಶ್ ಆಗ್ತಿದ್ದ ಗಲಾಟೆ 2024ರಲ್ಲಿ ದೊಡ್ಡದಾಯ್ತಲ್ಲ, ಅದಕ್ಕೆ ಇಂಟೆಲ್ ಕೊಟ್ಟ ಕಾರಣಗಳಲ್ಲಿ ಬೋರ್ಡುಗಳ ಪವರ್ ಸೆಟ್ಟಿಂಗು ಇಂಟೆಲ್ ಹೇಳಿದ ಮಿತಿ ದಾಟಿದ್ದೂ ಒಂದು. ಹಾಗಂತ ಬೋರ್ಡಿನವರ ತಲೆಗೇ ಎಲ್ಲ ಕಟ್ಟೋಕಾಗಲ್ಲ, ಚಿಪ್ಪಿನೊಳಗಿನ ಮೈಕ್ರೋಕೋಡೇ (ಚಿಪ್ಪನ್ನ ನಡೆಸೋ ಒಳಗಿನ ಪ್ರೋಗ್ರಾಮು) ಬೇಕಿದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳ್ತಿತ್ತು, ಆಗಸ್ಟಲ್ಲಿ ಅದಕ್ಕೆ ತಿದ್ದುಪಡಿ ಬಂತು, ವಾರಂಟೀನೂ ಎರಡು ವರ್ಷ ಜಾಸ್ತಿ ಮಾಡಿದ್ರು. 'ನಾನೇನೂ ಓವರ್‌ಕ್ಲಾಕ್ ಮಾಡಿಲ್ಲ ಸಾರ್' ಅಂತ ಆಣೆ ಮಾಡಿ ಹೇಳಿದವ್ರ ಮಾತು ನಿಜಾನೇ, ಅವ್ರು ಏರಿಸಿರ್ಲಿಲ್ಲ, ಏರಿತ್ತು, ಇಲ್ಲಾ ಬೇರೆ ಯಾರೋ ಏರಿಸಿಟ್ಟಿದ್ರು.

ನಾವೇ ಏರಿಸೋದಾದ್ರೆ ಅದಕ್ಕೆ ಒಪ್ಪೋ ಬೋರ್ಡ್ ಬೇಕು. ಇಂಟೆಲಲ್ಲಿ ಹೆಸರಿನ ಕೊನೇಲಿ ಕೆ ಇರೋ ಚಿಪ್ಪು, ಝಡ್ ಸರಣಿ ಚಿಪ್‌ಸೆಟ್ ಎರಡೂ ಬೇಕು, ಬಿ760 ಚಿಪ್‌ಸೆಟ್ಟಲ್ಲಿ ರ‍್ಯಾಮ್ ಏರಿಸಬಹುದು ಪ್ರೊಸೆಸರ್ ಪಟ್ಟು ಏರಿಸೋಕಾಗಲ್ಲ. ಎಎಂಡಿಯ ಎಎಂ5 ಸಾಕೆಟ್ಟಲ್ಲಿ ಬಿ650 ಚಿಪ್‌ಸೆಟ್ಟಿಗೇ ಅವಕಾಶ ಇದೆ, ಎ620ಲ್ಲಿ ಪ್ರೊಸೆಸರ್‌ಗೆ ಇಲ್ಲ. ಹುಡುಗನಿಗೆ ಎಎಂ5 ಅಂತಲೇ ಹೇಳಿದೀನಿ, 2022ರ ಸಾಕೆಟ್ಟು, 2027ರ ತನಕ ಆದ್ರೂ ಕೈಬಿಡಲ್ಲ ಅಂತ ಎಎಂಡಿ ಹೇಳಿದೆ.

ಎರಡನೇ ಪದ 'ಫೇಸ್'. ಬೋರ್ಡ್ ಡಬ್ಬದ ಮೇಲೆ '12+2 ಫೇಸ್' ಅಂತ ಇರತ್ತೆ. ನಮ್ಮ ಹುಡುಗ ಕೇಳಿದ್ದು, ಮಾಮ ಮನೇಲಿ ಸಿಂಗಲ್ ಫೇಸ್ ಇರೋದು, ತ್ರೀ ಫೇಸ್ ಹಾಕಿಸ್ಬೇಕಾ ಅಂತ. ನಗು ಬಂತು, ಆದ್ರೆ ಕನ್ನಡದಲ್ಲಿ ಫೇಸ್ ಅಂದ್ರೆ ಪಂಪ್‌ಸೆಟ್ಟೇ ನೆನಪಾಗೋದು, ಅವನದೇನು ತಪ್ಪು. ಇಲ್ಲಿರೋದು ಬೇರೆ. ಪವರ್ ಸಪ್ಲೈಯಿಂದ ಬರೋ 12 ವೋಲ್ಟನ್ನ ಚಿಪ್ಪಿಗೆ ಬೇಕಾದ ಸುಮಾರು 1.2 ವೋಲ್ಟಿಗೆ ಇಳಿಸ್ಬೇಕು, 200 ವ್ಯಾಟ್ ಎಳೆಯೋ ಚಿಪ್ಪಾದ್ರೆ 160 ಆಂಪಿಯರಿಗೂ ಮೇಲೆ ಕರೆಂಟು, ಅದೂ ಬೆರಳಗಲದ ಜಾಗದಲ್ಲಿ. ಒಂದೇ ಮಾಸ್‌ಫೆಟ್ (ಕರೆಂಟನ್ನ ಆನ್ ಆಫ್ ಮಾಡೋ ಪುಟ್ಟ ಸ್ವಿಚ್ಚು) ಜೋಡಿ ಇಷ್ಟು ಹೊರೋಕಾಗಲ್ಲ, ಅದಕ್ಕೇ ಸಾಲಾಗಿ ಹತ್ತು ಹನ್ನೆರಡು ಇಟ್ಟು ಒಂದಾದ ಮೇಲೊಂದು ಕೆಲಸ ಕೊಡೋದು. ಇದಕ್ಕೆ 'ಪಾಳಿ' ಅಂದ್ರೆ ಹೇಗೆ? ಕಾಲುವೆ ನೀರಿನ ಪಾಳಿ, ಫ್ಯಾಕ್ಟರಿ ಪಾಳಿ ಇದ್ದ ಹಾಗೇ ಇದೂ, ಪಾಳಿ ಜಾಸ್ತಿ ಇದ್ದಷ್ಟೂ ಒಬ್ಬೊಬ್ಬರ ಮೇಲೆ ಬಿಸಿ ಕಮ್ಮಿ. '12 ಪಾಳಿಯ ಬೋರ್ಡು' ಅಂದ್ರೆ ಅರ್ಥಾನೂ ಆಗತ್ತೆ, ಕಿವಿಗೂ ಒಗ್ಗತ್ತೆ. ಏರಿಸೋವ್ರಿಗೆ ಇದೇ ಮುಖ್ಯ, ಯಾಕಂದ್ರೆ ವ್ಯಾಟು ಏರೋದು ಮಿಡಿತಕ್ಕೆ ನೇರವಾಗಿ, ವೋಲ್ಟೇಜಿನ ವರ್ಗಕ್ಕೆ (ಸ್ಕ್ವೇರ್) ತಕ್ಕ ಹಾಗೆ. 4.5ರಿಂದ 5.0ಗೆ ಹೋಗೋಕೆ 1.2 ವೋಲ್ಟು 1.35 ಆಯ್ತು ಅಂದ್ರೆ ಸ್ಪೀಡು ನೂರಕ್ಕೆ 11 ಜಾಸ್ತಿ, ವ್ಯಾಟು ನೂರಕ್ಕೆ 40 ಜಾಸ್ತಿ. ಮಿನುಗೋ ಲೈಟು ನೋಡಿ ಬೋರ್ಡ್ ತಗೊಳ್ಳೋವ್ರು ಹೀಟ್‌ಸಿಂಕ್ (ಬಿಸಿ ಹೊರಹಾಕೋ ಲೋಹದ ತುಂಡು) ಕೆಳಗೆ ಏನಿದೆ ಅಂತ ನೋಡೋದೇ ಇಲ್ಲ.

ಇನ್ನೊಂದು, ಮೆಮೊರಿ 'ಟ್ರೇನಿಂಗ್'ಗೆ (ಬೋರ್ಡು ಮೆಮೊರಿ ಜೊತೆ ಹೊಂದ್ಕೊಳ್ಳೋಕೆ ಮಾಡೋ ಪರೀಕ್ಷೆ) 'ತಾಲೀಮು' ಅಂತ ಬರೆದಿದೀನಿ. ಎಎಂ5 ಬೋರ್ಡಲ್ಲಿ ಹೊಸ ರ‍್ಯಾಮ್ ಹಾಕಿ ಮೊದಲ ಸಲ ಆನ್ ಮಾಡಿದ್ರೆ ಫ್ಯಾನ್ ತಿರುಗತ್ತೆ, ಡಿರ‍್ಯಾಮ್ ಅಂತ ಬರೆದಿರೋ ಪುಟ್ಟ ಲೈಟ್ ಉರೀತಾ ಇರತ್ತೆ, ಸ್ಕ್ರೀನ್ ನಿಮಿಷಗಟ್ಟಲೆ ಕಪ್ಪು. ಬೋರ್ಡ್ ಸತ್ತೋಯ್ತು ಅಂತ ಸ್ವಿಚ್ ಆಫ್ ಮಾಡೋವ್ರೇ ಜಾಸ್ತಿ. 'ತಾಲೀಮು ನಡೀತಿದೆ, ಮುಟ್ಟಬೇಡ' ಅಂತ ಬರೆದ್ರೆ ಯಾರಾದ್ರೂ ಕಾಯ್ತಾರೆ.

ಹಾಗಾಗಿ ಕೇಳ್ತಿರೋದು ಇಷ್ಟು. ಏರು/ಏರಿಸು ಜೋಡಿಗೆ ನಿಮ್ಮ ಆಕ್ಷೇಪ ಏನಾದ್ರೂ ಇದೆಯಾ? ಬೆಂಗಳೂರಿನ ಗ್ಯಾರೇಜಲ್ಲಿ 'ಗಾಡಿ ರೈಸ್ ಮಾಡು' ಅಂತಾರೆ, ಸಿಟ್ಟು ಬಂದವ್ನಿಗೂ 'ಯಾಕೋ ರೈಸ್ ಆಗ್ತೀಯ' ಅಂತಾರೆ, ಅಲ್ಲೂ 'ಮಾಡು' 'ಆಗು' ವ್ಯತ್ಯಾಸ ಇದೆ ನೋಡಿ, ಉತ್ತರ ಕರ್ನಾಟಕ, ಕರಾವಳಿ ಕಡೆ ಇದಕ್ಕೆ ಏನಂತಾರೆ? ಮೋಟರ್ ವೈಂಡಿಂಗ್ ಮಾಡೋವ್ರು, ಲೇತ್ ಕೆಲಸದವ್ರು ಮಶೀನನ್ನ ಪ್ಲೇಟಿನ ಮೇಲಿರೋ ಆರ್‌ಪಿಎಂಗಿಂತ ಜಾಸ್ತಿ ಓಡಿಸೋದಕ್ಕೆ ಯಾವ ಮಾತು ಬಳಸ್ತಾರೆ, ಗೊತ್ತಿದ್ದೋರು ಆಡುಮಾತಿನ ವಾಕ್ಯದ ಸಮೇತ ಬರೀರಿ. 'ಪಾಳಿ'ಗೆ ಧಾರವಾಡದವ್ರ ಒಪ್ಪಿಗೆ ಬೇಕು, ನಮ್ಮ ಮೈಸೂರು ಕಡೆ 'ಸರದಿ' ಅನ್ನೋದೇ ಜಾಸ್ತಿ, ಆದ್ರೆ '12 ಸರದಿಯ ಬೋರ್ಡು' ಅಂದ್ರೆ ರೇಷನ್ ಅಂಗಡಿ ಮುಂದೆ ನಿಂತ ಹಾಗಾಗತ್ತೆ ಅನ್ಸತ್ತೆ, ಅಲ್ವಾ?